ಸುಜಿಯ ಪ್ರಥಮಫಲ

ಬೀದರದ ಮೈಲೂರಿನ ಪೀಟರನ ಮನೆ ಕೆಟ್ಟದ್ದು ಒಂದು ಮಷೀನಿನಿಂದ ಎಂದು ಓಣಿಯವರು ಹೇಳುತ್ತಾರೆ. ಓಣಿಯವರಿಗೇನು, ಯಾರ ಮನೆ ಕೆಟ್ಟರೂ ಒಂದು ಕಾರಣ ಬೇಕು. ಆ ಮಷೀನು ಪಾಪ, ಒಂದು ಗೇಣೂ ಉದ್ದವಿರಲಿಲ್ಲ. ವೈರು ಇಲ್ಲದೆ ಬ್ಯಾಟರಿಯ ಮೇಲೆ ತಿರುಗುವ ಸಣ್ಣ ಡ್ರಿಲ್ಲು. ಮುಂದಿನ ಹೆಡ್ಡು ತೆಗೆದು ಬೇರೆ ಹೆಡ್ಡು ಕೂಡಿಸಬಹುದಿತ್ತು, ಅಂಥವು ನಾಲ್ಕು. ಒಂದು ನೆಟ್ಟಗೆ ಕೊರೆಯುತ್ತಿತ್ತು. ಒಂದು ಮೊಣಕೈಯ ಹಾಗೆ ಮಡಿಚಿಕೊಂಡು ಮೂಲೆಯೊಳಗೆ ಹೋಗುತ್ತಿತ್ತು. ಒಂದು ಗೋಡೆಗೆ ಹತ್ತಿಕೊಂಡೇ ತಿರುಗುತ್ತಿತ್ತು. ನಾಲ್ಕನೆಯದು ಬರೀ ಸ್ಕ್ರೂ ಬಿಗಿಯಲಿಕ್ಕೆ.

ಅದನ್ನು ತಂದವನು ಪೀಟರನ ಒಬ್ಬನೇ ಮಗ ಆಶೀಶ. ಹೊಸ ಮನೆಗಳಲ್ಲಿ ಟ್ರಾಲಿ ಕಿಚನ್ ಕೂಡಿಸುವುದು ಅವನ ಕೆಲಸ. ಅಡಿಗೆಕಟ್ಟೆಯ ಕೆಳಗೆ ಪ್ಲೈವುಡ್ಡಿನ ಡಬ್ಬಿ, ಡಬ್ಬಿಯೊಳಗೆ ಹಿಂದೆ ಮುಂದೆ ಸರಿಯುವ ಸ್ಟೀಲ್ ಬುಟ್ಟಿ. ದೊಡ್ಡ ಮಷೀನು ಆ ಡಬ್ಬಿಯೊಳಗೆ ಹೊರಳುವುದಿಲ್ಲ ಎಂದು ಹೈದರಾಬಾದಿಗೆ ಹೋಗಿ ಈ ಸೆಟ್ಟು ತಂದ. ತಂದು ಒಂದು ತಿಂಗಳಾಗಿರಲಿಲ್ಲ, ನೌಬಾದ ರಸ್ತೆಯಲ್ಲಿ ಬೈಕು ಜಾರಿ ಬಲಭುಜದ ಕೀಲು ತಪ್ಪಿತು. ಡಾಕ್ಟರರು ಕೂಡಿಸಿದರು. ಆದರೆ ಕೈ ಎದೆಯ ಮೇಲಕ್ಕೆ ಏಳದಾಯಿತು. ಟ್ರಾಲಿ ಕೆಲಸವೆಂದರೆ ಅಂಗಾತ ಮಲಗಿ ಡಬ್ಬಿಯೊಳಗೆ ಅರ್ಧ ಮೈ ತೂರಿಸಿ, ಕೈ ಮೇಲೆತ್ತಿ ಕೊರೆಯುವ ಕೆಲಸ.

ಅವನ ಹೆಂಡತಿ ಸುಜಿ ಮೊದಲು ಬರೀ ಮೊಬೈಲಿನ ಬೆಳಕು ಹಿಡಿಯಲಿಕ್ಕೆ ಜೊತೆಗೆ ಹೋದಳು. ಆಬೇದಾ ಎಂಬವಳ ಮನೆಯಲ್ಲಿ ಆಶೀಶ ಸಿಂಕಿನ ಕೆಳಗೆ ಮೂರು ಸಲ ತೂರಿ ಮೂರು ಸಲವೂ ಹಲ್ಲು ಕಚ್ಚಿಕೊಂಡು ಹೊರಗೆ ಬಂದ.

"ಸರೀರಿ, ನಾ ನೋಡ್ತೇನಿ," ಎಂದಳು ಸುಜಿ.

"ನೀ ಏನ್ ನೋಡ್ತಿ? ಬೆಳಕ ಹಿಡಿ ಸಾಕು."

"ಬೆಳಕ ನೀವ್ ಹಿಡೀರಿ."

ಸೆರಗು ಸಿಕ್ಕಿಸಿ ಒಳಗೆ ಹೋದವಳು ಹತ್ತು ನಿಮಿಷಕ್ಕೆ ಬುಟ್ಟಿ ಸರಿಯುವ ಎರಡೂ ಕಂಬಿ ಕೂಡಿಸಿ ಹೊರಗೆ ಬಂದಳು. ಕೂದಲ ತುಂಬ ಕಟ್ಟಿಗೆಯ ಹೊಟ್ಟು. ಬುಟ್ಟಿ ಒಂದು ಬೆರಳಿಗೆ ಸರಿಯಿತು. ಆಬೇದಾ ಅದನ್ನು ಹಿಂದೆ ಮುಂದೆ ಎಳೆದು ನೋಡಿ, "ಹೆಣ್ಮಗಳ ಕೈ ನೋಡ್ರಿ, ಹೆಣ್ಮಗಳ ಕೈ!" ಎಂದು ಮನೆಯ ಹೆಂಗಸರನ್ನೆಲ್ಲ ಕೂಗಿ ಕರೆದಳು.

ಆಮೇಲೆ ಫೋನುಗಳು ಸುರುವಾದವು. ಹಗಲು ಹೊತ್ತಿನಲ್ಲಿ ಗಂಡಸರು ದುಕಾನಕ್ಕೆ ಹೋಗಿರುತ್ತಾರೆ, ಮನೆಯಲ್ಲಿ ಹೆಂಗಸರಷ್ಟೇ. ಗಂಡಾಳು ಬರುತ್ತಾನೆಂದರೆ ಒಬ್ಬರು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. ಸುಜಿ ಬಂದರೆ ಆ ತಾಪತ್ರಯವಿಲ್ಲ. ಎರಡು ತಿಂಗಳಲ್ಲಿ ಆಶೀಶನ ಫೋನಿಗೆ ಬರುವ ಮಾತು ಒಂದೇ ಆಯಿತು, "ಭಾಯಿ, ಭಾಬಿನ ಕಳಸ್ರಿ."

ಸುಜಿ ಬ್ಯಾಗು ಹಾಕಿಕೊಂಡು ಹೋಗುವಳು. ಆಶೀಶ ಆರು ವರ್ಷದ ಮಗಳು ಹೆಪ್ಸಿಬಾಳನ್ನು ಸಾಲೆಯಿಂದ ಕರೆತರುವನು. ಒಂದು ದಿನ ಅನ್ನಕ್ಕಿಟ್ಟು ಟೀವಿ ಮುಂದೆ ಕೂತ. ಅನ್ನ ತಳ ಹತ್ತಿ ಓಣಿಯ ತುಂಬ ವಾಸನೆ ಬಂತು. ಅವನ ತಾಯಿ ಫ್ಲಾರೆನ್ಸ ಆವತ್ತು ಸೊಸೆ ಬರುವ ತನಕ ತಿಕ್ಕದೆ ಆ ಪಾತ್ರೆಯನ್ನು ಹಾಗೇ ಬಾಗಿಲಲ್ಲಿ ಇಟ್ಟಳು.

"ನೋಡವ್ವಾ, ನಿನ್ನ ಗಂಡನ ಕೈಯಡಿಗಿ," ಎಂದಳು.

"ನಾ ತಿಕ್ತೇನ್ರಿ ಅತ್ತಿ."

"ತಿಕ್ಕೋದಲ್ಲ ಮಾತು. ಮಂದಿ ಅಡಿಗಿಮನಿಯಾಗ ಅಂಗಾತ ಮಲಗ್ತಿ, ನಿನ್ನ ಅಡಿಗಿಮನಿಯಾಗ ಅನ್ನ ಸೀದ ಹೋಗ್ತದ."

"ನೀವು ಮೂವತ್ತ ವರ್ಷ ದವಾಖಾನ್ಯಾಗ ನೈಟ್ ಡ್ಯೂಟಿ ಮಾಡಿಲ್ಲೇನ್ರಿ? ಆವಾಗ ಮನಿಯಾಗ ಅನ್ನ ಯಾರ ಮಾಡ್ತಿದ್ರು?"

"ಅದು ನರ್ಸ್ ಕೆಲಸ. ಬಿಳಿ ಸೀರಿ ಉಟ್ಟು ಹೋದ್ರ ಮಂದಿ ಎದ್ದು ನಿಲ್ತಿದ್ರು. ನೀ ತಲಿತುಂಬ ಹೊಟ್ಟು ಹೊತ್ತು ಬರ್ತಿ."

ಮಾವ ಪೀಟರ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಮಿಷನ್ ಕಂಪೌಂಡಿನ ಬಡಗಿಯಾಗಿ ನಲವತ್ತು ವರ್ಷ ದುಡಿದವನು. ಚರ್ಚಿನ ಬೆಂಚುಗಳೆಲ್ಲ ಅವನವು. ಈಗ ಕೈ ನಡುಗಿ ಚಹಾ ಬಸಿಗೆ ಸುರಿಯಲಿಕ್ಕೂ ಆಗುತ್ತಿರಲಿಲ್ಲ.

"ಹೊಟ್ಟು ನಾನೂ ಹೊತ್ತೇನಲ್ಲ. ನನ್ನ ಯಾಕ ಮಾಡ್ಕೊಂಡಿ ಮತ್ತ?" ಎಂದ.

"ನೀವು ಸುಮ್ನಿರ್ರಿ."

ಸುಮ್ಮನಿದ್ದವನು ಆಶೀಶನೊಬ್ಬ. ಆ ಮನೆಯಲ್ಲಿ ಅವನು ಸುಮ್ಮನಿದ್ದಷ್ಟು ಯಾರೂ ಇರಲಿಲ್ಲ. ಅದನ್ನು ಎಲ್ಲರೂ ಒಳ್ಳೆಯತನ ಅಂದುಕೊಂಡರು.

ಫ್ಲಾರೆನ್ಸಳ ಮೊಣಕಾಲು ಆ ಚಳಿಗಾಲದಲ್ಲಿ ಮಡಚದಾಯಿತು. ಕೆಳಗಿನ ಡಬ್ಬಿಯಿಂದ ಹಿಟ್ಟು ತೆಗೆಯಬೇಕಾದರೆ ನೆಲಕ್ಕೆ ಕೈಯೂರಿ ನರಳುವಳು. ಒಂದು ಭಾನುವಾರ ಮಧ್ಯಾಹ್ನ ಸುಜಿ ಯಾರಿಗೂ ಹೇಳದೆ ಮನೆಯ ಅಡಿಗೆಕಟ್ಟೆಯ ಕೆಳಗೆ ತೂರಿದಳು. ಮೊಣಕೈ ಹೆಡ್ಡು ಹಾಕಿ ಎರಡು ಕಂಬಿ ಕೂಡಿಸಿ, ಗಿರಾಕಿಯೊಬ್ಬರು ಬೇಡವೆಂದ ಹಳೆಯ ಬುಟ್ಟಿ ಇಟ್ಟಳು. ಬುಟ್ಟಿ ಎಳೆದರೆ ಹಿಟ್ಟಿನ ಡಬ್ಬಿ ತಾನಾಗಿ ಹೊರಗೆ ಬರತೊಡಗಿತು. ಫ್ಲಾರೆನ್ಸ ಸಂಜೆಯೊಳಗೆ ಕೆಲಸವಿಲ್ಲದಿದ್ದರೂ ಅದನ್ನು ಏಳೆಂಟು ಸಲ ಎಳೆದಳು. ಮುಂದಿನ ವಾರ ಚರ್ಚಿನ ಸ್ತ್ರೀ ಸಂಘದ ನಾಲ್ಕು ಹೆಂಗಸರನ್ನು ಚಹಾದ ನೆಪ ಮಾಡಿ ಕರೆತಂದು ಅವರ ಎದುರಿಗೂ ಎಳೆದಳು.

"ನಮ್ಮ ಸೊಸಿ ಕೂಡಿಸ್ಯಾಳ," ಎಂದಳು.

ಒಳಗೆ ಚಹಾ ಸೋಸುತ್ತಿದ್ದ ಸುಜಿಗೆ ಅದು ಕೇಳಿಸಿತು. ಮದುವೆಯಾಗಿ ಎಂಟು ವರ್ಷಕ್ಕೆ ಮೊದಲ ಸಲ ಕೇಳಿಸಿದ್ದು. ಅವಳ ಕಣ್ಣು ತುಂಬಿತು, ಚಹಾ ಸ್ವಲ್ಪ ಹೊರಗೆ ಚೆಲ್ಲಿತು.

ಅದೇ ಹೊತ್ತಿಗೆ ಭಾಲ್ಕಿಯ ಹಬೀಬನ ಫೋನು ಬಂತು. ಅವನದು ಭಾಲ್ಕಿಯಲ್ಲಿ ಟ್ರಾಲಿ ಸಾಮಾನಿನ ದುಕಾನ. ಹದಿನಾರು ಹೊಸ ಮನೆಗಳ ಕೆಲಸ ಹಿಡಿದಿದ್ದ. ಎಲ್ಲವೂ ಇಕ್ಕಟ್ಟಿನ ಅಡಿಗೆಮನೆ.

"ಬೆಹನಜೀ, ಕೆಲಸ ನಿಮ್ಮ ಹೆಸರಿಗೇ ಕೊಡ್ತೇನಿ," ಎಂದ. "ಆಶೀಶ ಭಾಯಿ ಬೇಕಂದ್ರ ಜೋಡಿ ಬರ್ಲಿ. ಆದ್ರ ಕೈ ನಿಮ್ದು ಇರ್ಬೇಕು. ನಿಮ್ಮ ಸಣ್ಣ ಮಷೀನು ತರ್ರಿ, ನಮ್ಮ ದುಕಾನಿನ ಮಷೀನು ಆ ಡಬ್ಬ್ಯಾಗ ಹೋಗಂಗಿಲ್ಲ. ಬರೋ ಗುರುವಾರ ಸುರು. ಫೆಬ್ರವರಿ ಹತ್ತನೇ ತಾರೀಖಿನ ಒಳಗ ಮಾಲಕರಿಗೆ ಕೀಲಿ ಕೊಡ್ಬೇಕು."

ಐದು ತಿಂಗಳ ಕೆಲಸ ಒಂದೇ ತಿಂಗಳಲ್ಲಿ ಬಂದ ಹಾಗಾಯಿತು. ಅದಕ್ಕಿಂತ ಹೆಚ್ಚಾಗಿ, ಹೆಸರು ಅವಳದು. ಸುಜಿ ಊಟಕ್ಕೆ ಕೂತಾಗ ಹೇಳಿದಳು. ಪೀಟರ "ಕರ್ತನಿಗೆ ಸ್ತೋತ್ರ" ಎಂದ. ಫ್ಲಾರೆನ್ಸ ಸೊಸೆಯ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

"ಜೋಡಿ ಬರ್ಲಿ ಅಂದನಾ?" ಎಂದ ಆಶೀಶ.

"ಹೌದ್ರಿ. ಬರ್ರಿ ನೀವೂ. ಅಳತಿ ನಿಮ್ಮಷ್ಟು ಚಲೋ ನಂಗ ಬರಂಗಿಲ್ಲ."

"ಬೆಳಕ ಹಿಡಿಲಿಕ್ಕ?"

ಸುಜಿ ನಗಾಡಿದಳು. ಅವನು ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡಳು. ಕೈ ತೊಳೆದು ಅವನು ಹೊರಗೆ ಹೋದ.

ಜನವರಿಯ ಎರಡನೆಯ ಭಾನುವಾರ ಚರ್ಚಿನಲ್ಲಿ ಸುಗ್ಗಿ ಹಬ್ಬ. ಹಳ್ಳಿಯವರು ಜೋಳ, ತೊಗರಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ತಂದು ಪೀಠದ ಮುಂದೆ ಇಡುತ್ತಾರೆ. ಪೇಟೆಯವರು ತಮ್ಮ ತಮ್ಮ ಕೈಕೆಲಸದ್ದೇನಾದರೂ ತರುತ್ತಾರೆ. ಅದಕ್ಕೆ ಪ್ರಥಮಫಲವೆಂದು ಹೆಸರು. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲವನ್ನೂ ಸವಾಲಿಗೆ, ಅಂದರೆ ಹರಾಜಿಗೆ ಹಾಕಿ ಬಂದ ದುಡ್ಡು ಚರ್ಚಿಗೆ. ಪೀಟರ ವರ್ಷಕ್ಕೊಂದು ಸ್ಟೂಲು ಮಾಡಿ ಕೊಡುತ್ತಿದ್ದ. ಈ ವರ್ಷ ಅವನ ಕೈಯ ನಡುಕ ನಿಲ್ಲಲಿಲ್ಲ. ಫ್ಲಾರೆನ್ಸ ಒಂದು ಚೀಲ ಅಕ್ಕಿ ಒಯ್ಯೋಣ ಎಂದಿದ್ದಳು.

ಶನಿವಾರ ಸುಜಿ ಒಬ್ಬಳೇ ಅಳತೆಗೆಂದು ಭಾಲ್ಕಿಗೆ ಹೋಗಿ ಸಂಜೆ ತಿರುಗಿ ಬಂದಳು. ಭಾನುವಾರ ಮಗಳಿಗೆ ಜಡೆ ಹಾಕಿ, ಅಡಿಗೆ ಮುಗಿಸಿ ಚರ್ಚು ಸೇರುವಾಗ ಕಾಣಿಕೆಗಳ ಪಟ್ಟಿ ಓದುವುದು ಸುರುವಾಗಿತ್ತು. ಪೀಠದ ಮುಂದೆ ಕುಂಬಳಕಾಯಿಗಳ ನಡುವೆ ಒಂದು ಕಪ್ಪು ಪೆಟ್ಟಿಗೆ. ಸುಜಿ ಮೊದಲು ಯಾರದೋ ಹಾರ್ಮೋನಿಯಮ್ಮಿನ ಸಣ್ಣ ಪೆಟ್ಟಿಗೆ ಅಂದುಕೊಂಡಳು. ಆಮೇಲೆ ಹಿಡಿಕೆಗೆ ತಾನು ಸುತ್ತಿದ ಹಸಿರು ಬಟ್ಟೆ ಕಂಡಿತು.

ಪಾಸ್ಟರು ಚೀಟಿ ನೋಡಿ ಓದಿದರು: "ಸಹೋದರಿ ಸುಜಿ ಆಶೀಶ ಅವರು ಗಂಡನ ಜೀವ ಉಳಿದದ್ದಕ್ಕೆ ಹರಕೆ ಹೊತ್ತು, ತಮ್ಮ ಕೈಕೆಲಸದ ಮಷೀನನ್ನೇ ಪ್ರಥಮಫಲವಾಗಿ ಅರ್ಪಿಸಿದ್ದಾರೆ. ಇದ್ದದ್ದರಲ್ಲಿ ಒಂದು ಪಾಲಲ್ಲ, ಇದ್ದದ್ದನ್ನೇ ಕೊಟ್ಟಿದ್ದಾರೆ. ಕರ್ತನು ಆಶೀರ್ವದಿಸಲಿ."

ಸಭೆಯೆಲ್ಲ "ಆಮೆನ್" ಎಂದಿತು. ಮುಂದಿನ ಸಾಲಿನಿಂದ ಫ್ಲಾರೆನ್ಸ ತಿರುಗಿ ನೋಡಿದಳು. ಅವಳ ಮುಖದಲ್ಲಿ ಎಂದೂ ಕಾಣದ ಹೆಮ್ಮೆ. ಸುಜಿಗೆ ಅದು ಗೆದ್ದವಳ ನಗೆಯಾಗಿ ಕಂಡಿತು. ಗಂಡಸರ ಸಾಲಿನಲ್ಲಿ ಆಶೀಶ ತಲೆ ಬಗ್ಗಿಸಿ ಪ್ರಾರ್ಥನೆಯಲ್ಲಿದ್ದ.

ಅಂಗಳದಲ್ಲಿ ಸವಾಲು ನಡೆಯಿತು. ಕೋಳಿಗಳು ಹೋದವು, ತೊಗರಿ ಹೋಯಿತು. ಪೆಟ್ಟಿಗೆ ಎತ್ತಿ ಹಿಡಿದಾಗ ಸುಜಿ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಸುತ್ತಲಿದ್ದವರು ನಕ್ಕರು.

"ಕೊಟ್ಟವರು ಸವಾಲ ಹಾಕಂಗಿಲ್ಲ ತಂಗಿ. ದೇವರಿಗೆ ಕೊಟ್ಟು ದೇವರ ಕೈಯಿಂದ ಕಸ್ಕೋತೀರೇನು?" ಎಂದ ಸವಾಲು ಕೂಗುವವನು.

ಸುಜಿ ಗಂಡನ ಕಡೆ ನೋಡಿದಳು. ಅವನು ಮಗಳ ಬೂಟಿನ ದಾರ ಕಟ್ಟುತ್ತಿದ್ದ. ಔರಾದದಿಂದ ಬಂದಿದ್ದ ರಿಟೈರ್ಡ್ ಹೆಡ್ ಮಾಸ್ತರ ಅಮೋಸರು ಕೊನೆಯ ಸವಾಲು ಹಾಕಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೋದರು.

ಮನೆಯಲ್ಲಿ ಹಬ್ಬದ ಊಟ. ಮಟನ್ ಸಾರು ತಣ್ಣಗಾಗುತ್ತಿತ್ತು. ಸುಜಿ ಬಡಿಸಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ನಿಮಗ ನಾ ಏನ್ ಮಾಡಿದ್ದೆ ಅತ್ತಿ? ಬ್ಯಾಡಂದ್ರ ಮಾರಿ ಮ್ಯಾಲೆ ಬ್ಯಾಡ ಅನ್ಬೇಕಾಗಿತ್ತು. ನನ್ನ ಹೆಸರಲೇ ಒಯ್ದು ದೇವರ ಮುಂದ ಇಡೋದಾ?"

ಫ್ಲಾರೆನ್ಸ ಸೌಟು ಹಿಡಿದವಳು ಹಾಗೇ ನಿಂತಳು. "ಏನ್ ಮಾತಾಡ್ತಿ ನೀ? ನೀನೇ ಕೊಡಂದಿಯಲ್ಲ?"

"ನಾ ಯಾವಾಗ ಅಂದೇನಿ?"

"ಅವ ಹೇಳಿದ. ನಿನ್ನೆ. ಸುಜಿ ಹರಕಿ ಹೊತ್ತಾಳ, ನಿನಗ ಹೇಳ್ಲಿಕ್ಕ ಆಕಿಗಿ ನಾಚಿಕಿ, ನಾಳಿ ಅದನ್ನೇ ಒಯ್ದು ಇಡು ಅಂದ. ಚಾರ್ಜರ್ ಸಹಿತ ಪೆಟಗಿ ನನ್ನ ಕೈಗಿಟ್ಟ." ಅವಳು ಸೌಟು ಕೆಳಗಿಟ್ಟಳು. "ನಂಗ ಎಷ್ಟ ಖುಶಿ ಆಗಿತ್ತು ಗೊತ್ತಾ? ಅಲ್ಲಿ ಕೂತು ಅತ್ತೇನಿ ನಾ."

ಎಲ್ಲರೂ ಆಶೀಶನ ಕಡೆ ನೋಡಿದರು. ಅವನು ಖಾಲಿ ತಾಟಿನ ಅಂಚು ಉಜ್ಜುತ್ತಿದ್ದ.

"ಹೊಸಾದು ತಂದ್ರಾತು. ಅದಕ್ಕ್ಯಾಕ ಇಷ್ಟು?"

"ಎಲ್ಲಿಂದ ತರ್ತೀರಿ? ದಾರ್ಯಾಗ ಫೋನ್ ಹಚ್ಚಿದ್ದೆ, ಆ ಸೆಟ್ಟು ಬರ್ಲಿಕ್ಕ ಹದಿನೈದು ದಿವಸ ಅಂತಾನ ಹೈದರಾಬಾದದವ. ಗುರುವಾರ ಕೆಲಸ ಸುರು ಅದ. ಗೊತ್ತಿತ್ತಲ್ಲ ನಿಮಗ?"

"ಗೊತ್ತಿತ್ತು."

"ಮತ್ತ ಯಾಕ ಕೊಟ್ರಿ?"

"ಯಾಕಂದ್ರ?" ಅವನು ತಾಟು ಆಚೆ ನೂಕಿದ. "ಆ ಮಷೀನು ನಂದು. ನನ್ನ ರೊಕ್ಕದ್ದು. ಹೈದರಾಬಾದಿಗೆ ಹೋಗಿ ತಂದವ ನಾ. ಚಹಾದಂಗಡಿಗೆ ಹೋದ್ರ ಒಬ್ಬನಾದ್ರೂ ನನ್ನ ಕೆಲಸ ಕೇಳ್ತಾನಾ? 'ನಿನ್ನ ಹೆಂಡತಿ ನಂಬರ್ ಕೊಡು' ಅಂತಾರ. ಎಲ್ಲಾರೂ ನಗ್ತಾರ. ಅಪ್ಪನ ಕೈ ನಿಂತದ, ನನ್ನ ಕೈ ಏಳಂಗಿಲ್ಲ, ಆಕಿ ಕೈ ಊರೆಲ್ಲ ಮಾತು!"

"ನನ್ನ ಕೈಗಿ ಬರಬ್ಯಾಡ," ಎಂದ ಪೀಟರ. ಅಷ್ಟು ಮೆಲ್ಲಗೆ ಅಂದನೆಂದರೆ ಹೆಪ್ಸಿಬಾ ಕೂಡ ಆಟ ನಿಲ್ಲಿಸಿದಳು. "ನನ್ನ ಕೈ ವಯಸ್ಸಿಗೆ ಹೋಗ್ಯದ. ನಿನ್ನ ಕೈ ಬಿದ್ದು ಹೋಗ್ಯದ. ಇದ್ದದ್ದೊಂದು ಕೈ ಇತ್ತು ಮನಿಯಾಗ, ಅದನ್ನ ನೀ ಕಡದಿ."

ಆಶೀಶ ಎದ್ದು ಹೋದ. ಆ ದಿನ ಹಬ್ಬದ ಸಾರು ಕಾಯಿಸಿ ಕಾಯಿಸಿ ಉಪ್ಪಾಯಿತು. ಹೆಪ್ಸಿಬಾ ಒಬ್ಬಳೇ ಉಂಡಳು.

ಮಂಗಳವಾರ ಬೆಳಿಗ್ಗೆ ಫ್ಲಾರೆನ್ಸ ಪೆನ್ಶನ್ ದುಡ್ಡು ಕರವಸ್ತ್ರದಲ್ಲಿ ಕಟ್ಟಿ ರವಿಕೆಯೊಳಗೆ ಇಟ್ಟುಕೊಂಡಳು. ಕಾಲಿಗೆ ಎಣ್ಣೆ ಹಚ್ಚಿ ಚಪ್ಪಲಿ ಮೆಟ್ಟಿದಳು.

"ನಡಿ ಔರಾದಕ್ಕ. ಮಾಸ್ತರ ಎಷ್ಟ ಕೊಟ್ಟಾರೋ ಅದಕ್ಕ ಮ್ಯಾಲೆ ಕೊಟ್ಟು ತರೂಣು."

"ನಿಮ್ಮ ಕಾಲು?"

"ಕಾಲಿಗಿ ಬೆಂಕಿ ಹಚ್ಚು. ನಡಿ."

ಸುಜಿ ದಾರಿಯುದ್ದಕ್ಕೂ ಅತ್ತೆಯ ಕೈ ಹಿಡಿದುಕೊಂಡೇ ಕೂತಳು. ಬಸ್ಸು ಹಾರಿದಾಗಲೆಲ್ಲ ಮುದುಕಿಯ ಮೊಣಕಾಲಿನ ಕೆಳಗೆ ತನ್ನ ಬ್ಯಾಗು ಸರಿಸಿದಳು. ಎಂಟು ವರ್ಷದಲ್ಲಿ ಅವರಿಬ್ಬರೂ ಅಷ್ಟು ಹತ್ತಿರ ಕೂತಿರಲಿಲ್ಲ.

ಅಮೋಸರ ಮನೆಯಲ್ಲಿ ಮರ್ಯಾದೆಗೆ ಕಡಿಮೆಯಿಲ್ಲ. ಕುರ್ಚಿ ಹಾಕಿದರು, ಚಹಾ ತರಿಸಿದರು. ಪೆಟ್ಟಿಗೆ ಗಾಜಿನ ಶೋಕೇಸಿನಲ್ಲಿ ಇತ್ತು. ಒಂದು ಬದಿ ಮಾಸ್ತರರ ಸನ್ಮಾನದ ಫಲಕ, ಇನ್ನೊಂದು ಬದಿ ಪಿಂಗಾಣಿಯ ಕುರಿಮರಿ. ಮುಚ್ಚಳ ತೆರೆದಿಟ್ಟಿದ್ದರು, ನಾಲ್ಕೂ ಹೆಡ್ಡು ಸಾಲಾಗಿ ಕಾಣಲಿ ಎಂದು.

"ನಮ್ಮ ಮನಿಯಾಗ ಯಾರಿಗೂ ನಡಸ್ಲಿಕ್ಕ ಬರಂಗಿಲ್ಲ," ಎಂದರು ಅವರು ನಗುತ್ತ. "ಬರೋದೂ ಬ್ಯಾಡ. ಹೆಣ್ಮಗಳ ಹರಕಿ ಅದ. ಮನಿಯಾಗ ಇದ್ರ ಸಾಕು, ಆಶೀರ್ವಾದ."

"ಸರ್, ಅದು ನಂಗ ತಿರುಗಿ ಬೇಕ್ರಿ," ಎಂದಳು ಸುಜಿ. "ನೀವು ಕೊಟ್ಟದ್ದಕ್ಕಿಂತ ಹೆಚ್ಚೇ ಕೊಡ್ತೇವ್ರಿ."

ಅಮೋಸರ ನಗೆ ನಿಂತಿತು. "ಹರಕಿ ಕೊಟ್ಟದ್ದು ಮಾರ್ತಾರೇನವ್ವಾ?"

"ನಾ ಹರಕಿ ಹೊತ್ತಿಲ್ರಿ. ನಾ ಕೊಟ್ಟದ್ದೂ ಅಲ್ರಿ. ನಂಗ ಗೊತ್ತಿಲ್ದ ಇಟ್ಟಾರ್ರಿ."

"ಕೊಟ್ಟ ಮ್ಯಾಲೆ ಹಳಹಳಿ ಆಗೋದು ಸಹಜ ಅದ. ನಂಗೂ ಆಗ್ಯದ ಒಮ್ಮೊಮ್ಮಿ." ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ. ಯೋಚಿಸಿ ಫ್ಲಾರೆನ್ಸಳ ಕಡೆ ತಿರುಗಿದರು. "ಅಕ್ಕಾರ, ನೀವು ಹಿರಿಯರು. ಪೀಠದ ಮುಂದ ಇಟ್ಟವರೂ ನೀವೇ. ನೀವ್ ಹೇಳ್ರಿ. ಈಕಿ ಕೊಟ್ಟದ್ದಲ್ಲ ಅಂದ್ರ ಈಗಿಂದೀಗ ಪೆಟಗಿ ಕೊಡ್ತೇನಿ, ನಂಗ ಒಂದು ರುಪಾಯಿ ಬ್ಯಾಡ. ಆದ್ರ ಪಾಸ್ಟರಿಗೆ ನಾ ತಿಳಸಬೇಕಾಗ್ತದ, ಯಾರು ಸುಳ್ಳು ಹೇಳಿ ಇಡಿಸಿದ್ರು ಅಂತ. ಈಕಿನೇ ಕೊಟ್ಟದ್ದು ಹೌದೋ ಅಲ್ಲೋ?"

ಫ್ಲಾರೆನ್ಸ ಬಸಿಯಲ್ಲಿದ್ದ ಚಹಾ ಊದುತ್ತಿದ್ದಳು. ಸುಜಿ ಅವಳ ಮುಖವನ್ನೇ ನೋಡುತ್ತ ಕಾದಳು. ಒಂದು ಮಾತು ಸಾಕಾಗಿತ್ತು. ಔರಾದದ ತನಕ ಆ ಕಾಲು ಎಳೆದುಕೊಂಡು ಬಂದವಳು ಅಷ್ಟು ಹೇಳದಿರುತ್ತಾಳೆಯೇ ಎಂದು ಸುಜಿ ಆಗಲೇ ಅರ್ಧ ಎದ್ದು ಶೋಕೇಸಿನ ಕಡೆ ಕೈ ಮಾಡಿದ್ದಳು.

"ಹೌದ್ರಿ," ಎಂದಳು ಫ್ಲಾರೆನ್ಸ. "ಆಕಿನೇ ಕೊಟ್ಟದ್ದು."

ಮಾಸ್ತರರು ಸಮಾಧಾನದಿಂದ ಉಸಿರು ಬಿಟ್ಟು, ಹೊರಡುವ ಮೊದಲು ಇಬ್ಬರಿಗೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಬಹಳ ಉದ್ದವಿತ್ತು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅತ್ತೆ ಸೊಸೆ ದೂರ ದೂರ ಕೂತರು. ಫ್ಲಾರೆನ್ಸ ಕರವಸ್ತ್ರದ ಗಂಟು ತೆಗೆದು ಸುಜಿಯ ಕಡೆ ಚಾಚಿದಳು.

"ತಗೋ. ಎಲ್ಲಾ ನೀನೇ ತಗೋ. ಹೆತ್ತ ಮಗಾ ಅವ. ನಾನೇ ಬಾಯಿಬಿಟ್ಟು ಹ್ಯಾಂಗ ಹೇಳ್ಲಿ? ಪಾಸ್ಟರಿಗೆ ಹೋಗ್ತದ, ಸಭಾದಾಗ ಅವನ್ನ ನಿಲ್ಲಸ್ತಾರ. ನೀನೂ ತಾಯಿ ಇದ್ದಿ, ತಿಳಕೋ."

ಸುಜಿ ಆ ದುಡ್ಡು ಮುಟ್ಟಲಿಲ್ಲ. ಫೋನು ತೆಗೆದು ಹಬೀಬನ ನಂಬರು ಒತ್ತಿದಳು.

"ಹಬೀಬ ಭಾಯಿ, ಗುರುವಾರ ನಂಗ ಬರ್ಲಿಕ್ಕಾಗಂಗಿಲ್ಲ. ಕೆಲಸ ಬ್ಯಾರೆಯವರಿಗೆ ಕೊಡ್ರಿ."

ಆ ಕಡೆಯಿಂದ ಅವನು ಗಾಬರಿಯಾಗಿ ಕೇಳಿದ್ದು ಫ್ಲಾರೆನ್ಸಳಿಗೂ ಕೇಳಿಸಿತು. "ಯಾಕ ಬೆಹನಜೀ? ಮೊನ್ನೆ ಅಳತಿ ತಗೊಂಡ ಹೋದ್ರಲ್ಲ. ಮಷೀನು ಕೆಟ್ಟದೇನು?"

"ಕೆಟ್ಟಿಲ್ರಿ. ನಾನೇ ದೇವರಿಗೆ ಕೊಟ್ಟೇನಿ."

"ಮಜಾಕ್ ಮಾಡ್ಬ್ಯಾಡ್ರಿ ಬೆಹನಜೀ. ಯಾರರೆ ಕೈಕೆಲಸದ ಮಷೀನು ಕೊಡ್ತಾರೇನು?"

"ನಿಮಗ ನಂಬಿಕಿ ಇಲ್ಲಂದ್ರ ನಮ್ಮ ಅತ್ತಿಯವರು ಇಲ್ಲೇ ಅದಾರ. ಅವರನ್ನ ಕೇಳ್ರಿ."

ಅವಳು ಫೋನನ್ನು ಫ್ಲಾರೆನ್ಸಳ ಕಿವಿಗೆ ಹಿಡಿದಳು. ಹಬೀಬ ಹಲೋ ಹಲೋ ಅನ್ನುತ್ತಿದ್ದ. ಮುದುಕಿ ಸೊಸೆಯ ಕಡೆ ನೋಡಿದಳು, ಬಿಡು ಅನ್ನುವ ಹಾಗೆ. ಸುಜಿ ಕೈ ತೆಗೆಯಲಿಲ್ಲ.

"ಹೌದಪಾ," ಎಂದಳು ಫ್ಲಾರೆನ್ಸ ಕಡೆಗೆ. "ಆಕಿನೇ ಕೊಟ್ಟಾಳ."

ಸುಜಿ ಫೋನು ಬಂದ್ ಮಾಡಿ ಬ್ಯಾಗಿನಲ್ಲಿಟ್ಟಳು. ಬೀದರ ಬಸ್ಸು ಬಂದಾಗ ಅತ್ತೆ ಮೆಟ್ಟಿಲೇರಲಾರದೆ ಕೈ ಚಾಚಿದಳು. ಸುಜಿ ಅಷ್ಟರಲ್ಲಿ ಒಳಗೆ ಹೋಗಿ ಒಬ್ಬರೇ ಕೂರುವ ಸೀಟು ಹಿಡಿದು ಕೂತಿದ್ದಳು.